ಗಾಳಿ ಜೋರಾಗಿದೆ, ಗಾಳಿಯಂತ್ರ ನಿಲ್ಲಿಸಿ

ಗಾಳಿ ಚೆನ್ನಾಗಿ ಬೀಸುತ್ತಿದ್ದರಿಂದ ಗಾಳಿಯಂತ್ರಗಳನ್ನು ನಿಲ್ಲಿಸಬೇಕಾಯಿತಂತೆ. ಈ ಸುದ್ದಿ ನೀವೂ ಓದಿರುತ್ತೀರಿ. ಆಗಾಗ ಬರುತ್ತಲೇ ಇರುತ್ತದೆ, ದೇಶದ ಹೆಸರು ಮಾತ್ರ ಬೇರೆ. ಬಿರುಗಾಳಿಗೆ ರೆಕ್ಕೆ ಮುರಿದೀತು ಅಂತ ನಿಲ್ಲಿಸಿದರೆ ಅದು ಬೇರೆ ಮಾತು. ಇಲ್ಲಿನ ಕಾರಣ ಅದಲ್ಲ. ಲೈನ್ ಫುಲ್. ಹುಟ್ಟಿದ ಕರೆಂಟನ್ನು ಹೊತ್ತುಕೊಂಡು ಹೋಗಲು ತಂತಿಯಲ್ಲಿ ಜಾಗ ಇಲ್ಲ. ಬ್ರಿಟನ್ನಿನಲ್ಲಂತೂ ಹೀಗೆ ಸುಮ್ನೆ ನಿಂತಿದ್ದಕ್ಕೆ ಯಂತ್ರದ ಮಾಲೀಕರಿಗೆ ದುಡ್ಡು ಕೊಡುತ್ತಾರೆ. ನನಗೂ ಇಂಥದ್ದೊಂದು ನೌಕರಿ ಸಿಕ್ಕಿದ್ದರೆ ಈ ಅಂಕಣ ಓದುವ ಕಷ್ಟ ನಿಮಗೆ ತಪ್ಪುತ್ತಿತ್ತು.

ಕಂಡಕ್ಟರ್ ಅಂದರೆ ನಮಗೆ ನೆನಪಾಗುವುದು ಬಸ್ಸು. ವಿದ್ಯುತ್ತಿನವರು ತಂತಿಗೂ ಅದೇ ಹೆಸರು ಇಟ್ಟಿದ್ದಾರೆ. ಬಸ್ಸಿನ ಕಂಡಕ್ಟರೇ ವಾಸಿ. ಒಮ್ಮೆ ತಿರುಗಿ ಸೀಟು ನೋಡಿ, ಆಮೇಲೆ ಜಾಗ ಇಲ್ಲ ಅನ್ನುತ್ತಾನೆ. ತಂತಿಯ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಎಷ್ಟು ಹೊರಬಹುದು ಅಂತ ಯಾವತ್ತೋ ಕಾಗದದ ಮೇಲೆ ಬರೆದಿಟ್ಟಾಗಿದೆ.

ಕರೆಂಟು ಹರಿದರೆ ತಂತಿ ಬಿಸಿಯಾಗುತ್ತದೆ. ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ವೋಲ್ಟೇಜು ಏರಿಸಿ ಕರೆಂಟು ಇಳಿಸುವುದು ಅದಕ್ಕೇ. ಬಿಸಿಯಾದ ತಂತಿ ಹಿಗ್ಗುತ್ತದೆ, ಹಿಗ್ಗಿದ್ದು ಜೋತು ಬೀಳುತ್ತದೆ, ಜೋತು ಬಿದ್ದರೆ ಕೆಳಗೆ ಮರ ಕಾದಿರುತ್ತದೆ. 2003ರ ಆಗಸ್ಟ್ 14ರಂದು ಅಮೆರಿಕದ ಒಹಾಯೊದಲ್ಲಿ ಆಗಿದ್ದು ಇದೇ. 345 ಕಿಲೋವೋಲ್ಟ್ ಲೈನುಗಳು ಮರಕ್ಕೆ ತಾಗಿದವು, ಒಂದರ ಹಿಂದೆ ಒಂದು ಟ್ರಿಪ್ ಆದವು. ಸುಮಾರು 5 ಕೋಟಿ ಜನರಿಗೆ ಕರೆಂಟು ಹೋಯಿತು. ಮರ ಬೆಳೆಯುತ್ತದೆ ಎಂಬ ವಿಷಯ ಅಲ್ಲಿಯ ತನಕ ರಹಸ್ಯವಾಗಿತ್ತು ಅಂತ ಕಾಣುತ್ತದೆ.

ಹಾಗಾಗಿ ತಂತಿಗೆ ಮಿತಿ ಬೇಕು, ಒಪ್ಪೋಣ. ಆದರೆ ಬಿಸಿಯಾದದ್ದನ್ನು ಊದಿದರೆ ಆರುತ್ತದೆ ಅಂತ ಮಕ್ಕಳಿಗೂ ಗೊತ್ತು. ಗಾಳಿ ಬೀಸಿದರೆ ತಂತಿಯೂ ಆರುತ್ತದೆ, ಜಾಸ್ತಿ ಹೊರುತ್ತದೆ. ಕಾಗದಕ್ಕೆ ಮಾತ್ರ ಗೊತ್ತಿಲ್ಲ. ಎಷ್ಟೋ ಕಡೆ ಲೆಕ್ಕ ಹಾಕುವಾಗ 40 ಡಿಗ್ರಿ ಸೆಖೆ, ಸೆಕೆಂಡಿಗೆ 0.6 ಮೀಟರ್ ಗಾಳಿ ಅಂತ ಹಿಡಿಯುತ್ತಾರೆ. ನಡುರಾತ್ರಿಯ ಚಳಿಗೂ ಅದೇ ಲೆಕ್ಕ. 0.6 ಮೀಟರ್ ಅಂದರೆ ಎಷ್ಟು? ನಾವು ಆರಾಮಾಗಿ ನಡೆಯುವಾಗಿನ ವೇಗದ ಅರ್ಧವೂ ಇಲ್ಲ. ಗಾಳಿಯಂತ್ರ ತಿರುಗಲು ಶುರು ಮಾಡುವುದೇ ಸುಮಾರು 3 ಮೀಟರಿಗೆ. ಅಂದರೆ ಯಂತ್ರ ಗಿರಗಿರ ತಿರುಗುತ್ತಿರುವ ದಿನವೂ ಪಕ್ಕದ ತಂತಿಯ ಕಾಗದದಲ್ಲಿ ಒಂದು ಎಲೆ ಅಲುಗುವುದಿಲ್ಲ. ಎಂಥ ಶಿಸ್ತು ನೋಡಿ!

ಎಂಜಿನಿಯರುಗಳು ಈಗ ಸಿಟ್ಟಾಗುತ್ತಾರೆ. ಯಂತ್ರ ಇರುವುದು ಎತ್ತರದಲ್ಲಿ, ತಂತಿ ಕೆಳಗೆ. ಲೈನಿನ ಉದ್ದಕ್ಕೂ ಒಂದೇ ಗಾಳಿ ಬೀಸುವುದಿಲ್ಲ. ತುಂಬ ಉದ್ದದ ಲೈನಿಗೆ ಬಿಸಿಗಿಂತ ಬೇರೆ ಮಿತಿಗಳೇ ಅಡ್ಡ ಬರುತ್ತವೆ. ಎಲ್ಲ ನಿಜ ಸ್ವಾಮಿ. ಅದಕ್ಕೇ ಅಲ್ವಾ ಅಳೆಯಿರಿ ಅನ್ನುವುದು? ಅಳೆಯುವ ಉಪಕರಣಗಳು ಇವೆ. ಅಮೆರಿಕದಲ್ಲಿ 2021ರ ಡಿಸೆಂಬರಿನಲ್ಲಿ ವಿದ್ಯುತ್ ನಿಯಂತ್ರಣ ಆಯೋಗ 881ನೇ ನಂಬರಿನ ಆದೇಶವನ್ನೇ ಹೊರಡಿಸಬೇಕಾಯಿತು. ಸಾರಾಂಶ ಇಷ್ಟೇ: ತಂತಿಯ ಮಿತಿ ಹೇಳುವ ಮೊದಲು ಹೊರಗಿನ ತಾಪಮಾನ ನೋಡಿ. ಜಾರಿಗೆ 2025ರ ಜುಲೈವರೆಗೆ ಸಮಯ ಕೊಟ್ಟಿತ್ತು. ಥರ್ಮಾಮೀಟರ್ ನೋಡಲು ಮೂರೂವರೆ ವರ್ಷ! ಗಾಳಿಯನ್ನೂ ನೋಡಿ ಅಂತ ಆ ಆದೇಶ ಕಡ್ಡಾಯ ಮಾಡಿಲ್ಲ. ಪಾಪ, ಒಂದೇ ಸಲಕ್ಕೆ ಅಷ್ಟೆಲ್ಲ ಭಾರ ಹೇರಬಾರದು.

ಭಾರ ಅಂದಾಗ ನೆನಪಾಯಿತು. ಈ ತಂತಿಗಳ ಹೆಸರು ಕೇಳಿದ್ದೀರಾ? ಬ್ರಿಟಿಷ್ ಪದ್ಧತಿಯಲ್ಲಿ ಪ್ರಾಣಿಗಳ ಹೆಸರು: ಮೂಸ್, ಝೀಬ್ರಾ, ಪ್ಯಾಂಥರ್, ಡಾಗ್, ರ‍್ಯಾಬಿಟ್. ಅಮೆರಿಕದ ಪದ್ಧತಿಯಲ್ಲಿ ಹಕ್ಕಿಗಳು: ಡ್ರೇಕ್, ಕಾರ್ಡಿನಲ್, ಹಾಕ್. ಮೂಸ್ ಅಂದರೆ 54 ಎಳೆ ಅಲ್ಯೂಮಿನಿಯಂ, ಒಳಗೆ 7 ಎಳೆ ಉಕ್ಕು. ಹೊರಗಿನವರು ಕರೆಂಟು ಒಯ್ಯುತ್ತಾರೆ, ಒಳಗಿನವರು ತೂಕ ಎಳೆದು ಹಿಡಿಯುತ್ತಾರೆ. ಒಳಗಿನವರು ಯಾರ ಕಣ್ಣಿಗೂ ಬೀಳುವುದಿಲ್ಲ. ಯಾವ ಆಫೀಸಿನಲ್ಲಾದರೂ ಹೀಗೇ. ಪಟ್ಟಿಯಲ್ಲಿ ಸ್ಕ್ವಿರಲ್ ಕೂಡ ಇದೆ, ಅಳಿಲು. 6 ಎಳೆ ಅಲ್ಯೂಮಿನಿಯಂ, 1 ಎಳೆ ಉಕ್ಕು. ಕರೆಂಟು ಒಯ್ಯುವ ಅಳಿಲು ಇದು. ಕರೆಂಟು ತೆಗೆಯುವ ಅಳಿಲು ಬೇರೆ ಇದೆ. 1987ರಲ್ಲಿ ಒಮ್ಮೆ, 1994ರಲ್ಲಿ ಮತ್ತೊಮ್ಮೆ, ಅಳಿಲಿನಿಂದ ಕರೆಂಟು ಹೋಗಿ ಅಮೆರಿಕದ ನಾಸ್ಡಾಕ್ ಷೇರುಪೇಟೆಯ ವಹಿವಾಟೇ ನಿಂತಿತ್ತು. ಹಕ್ಕಿ ಬುದ್ಧಿವಂತ, ಎರಡೂ ಕಾಲು ಒಂದೇ ತಂತಿಯ ಮೇಲೆ ಇಡುತ್ತದೆ. ಅಳಿಲು ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ ಇಡುತ್ತದೆ. ಆಮೇಲೆ ಪ್ರಕಟಣೆಯಲ್ಲಿ ತಪ್ಪೆಲ್ಲ ಅಳಿಲಿನದ್ದು. ಸತ್ತ ಅಳಿಲು ಸ್ಪಷ್ಟನೆ ಕೊಡುವುದಿಲ್ಲ ನೋಡಿ.

ಹೊಸ ಲೈನ್ ಹಾಕಿದರೆ ಆಯಿತಲ್ಲ ಅನ್ನುತ್ತೀರಾ? ಜರ್ಮನಿಯವರನ್ನು ಕೇಳಿ. ಉತ್ತರದ ಗಾಳಿಯ ಕರೆಂಟನ್ನು ದಕ್ಷಿಣಕ್ಕೆ ಒಯ್ಯಲು ಸುಮಾರು 700 ಕಿಲೋಮೀಟರಿನ ಸ್ಯೂಡ್‌ಲಿಂಕ್ ಲೈನ್ 2022ಕ್ಕೇ ಮುಗಿಯಬೇಕಿತ್ತು. ಕರೆಂಟು ಎಲ್ಲರಿಗೂ ಬೇಕು, ಟವರ್ ಯಾರಿಗೂ ಬೇಡ. ನೆಲದಡಿಯಲ್ಲೇ ಹಾಕೋಣ ಅಂತಾಯಿತು. ಈಗ 2028 ಅನ್ನುತ್ತಿದ್ದಾರೆ.

ನಗುವುದು ಇಲ್ಲಿಗೆ ಸಾಕು. 2018ರ ನವೆಂಬರ್ 8ರಂದು ಕ್ಯಾಲಿಫೋರ್ನಿಯಾದಲ್ಲಿ ಒಂದು ಹಳೇ ಲೈನಿನ ಕೊಕ್ಕೆ ಸವೆದು ಮುರಿಯಿತು. ತಂತಿಯನ್ನು ಟವರಿಗೆ ತೂಗುಹಾಕಿದ್ದ ಕೊಕ್ಕೆ. ಅದಕ್ಕೆ ಹತ್ತಿರಹತ್ತಿರ ನೂರು ವರ್ಷ. ಕಿಡಿ ಒಣ ಹುಲ್ಲಿಗೆ ಬಿತ್ತು. ಪ್ಯಾರಡೈಸ್ ಎಂಬ ಊರು ಸುಟ್ಟುಹೋಯಿತು, ಬೆಂಕಿಗೆ 85 ಜನ ಸತ್ತರು. ಅಲ್ಲಿ ತಪ್ಪು ಹೊರಿಸಲು ಅಳಿಲೂ ಇರಲಿಲ್ಲ. 2020ರಲ್ಲಿ ಆ ಲೈನಿನ ಮಾಲೀಕ ಪಿಜಿ ಅಂಡ್ ಇ ಕಂಪನಿ ಅವರಲ್ಲಿ 84 ಜನರ ಸಾವಿಗೆ ತಾನೇ ಕಾರಣ ಅಂತ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಿತು. ಕಂಪನಿಯನ್ನು ಜೈಲಿಗೆ ಹಾಕಲು ಆಗುವುದಿಲ್ಲ, ಹಾಗಾಗಿ ದಂಡ.

ಆ ಕೊಕ್ಕೆ ಸವೆಯುತ್ತಿದ್ದದ್ದು ದಶಕಗಳಿಂದ. ಹತ್ತಿ ನೋಡಿದ್ದರೆ ಕಾಣುತ್ತಿತ್ತು. ಗಾಳಿಯಂತ್ರ ಉದ್ಘಾಟನೆಗಾದರೆ ಮಂತ್ರಿ ಬರುತ್ತಾರೆ, ರಿಬ್ಬನ್ ಕತ್ತರಿಸುತ್ತಾರೆ, ಹಿಂದೆ ರೆಕ್ಕೆ ತಿರುಗುವ ಫೋಟೋ ಚೆನ್ನಾಗಿ ಬರುತ್ತದೆ. ಕೊಕ್ಕೆ ಬದಲಿಸಿದ ಫೋಟೋ ಯಾವ ಪೇಪರಿನಲ್ಲಾದರೂ ನೋಡಿದ್ದೀರಾ?