ಡಾಗೆರ್‌ಗೂ ಮೊದಲು ಆ ಕಿಟಕಿ

ಫೋಟೋಗ್ರಫಿ ಹುಟ್ಟಿದ ಬಗೆಯನ್ನು ಕುರಿತ ನಿಮ್ಮ ಲೇಖನ ಇಷ್ಟವಾಯಿತು. ಆದರೆ ಕಥೆಯನ್ನು 1839ರಲ್ಲಿ ಫೋಟೋ ತೆಗೆಯುವ ತನ್ನ ವಿಧಾನವನ್ನು ಲೋಕದ ಮುಂದಿಟ್ಟ ಫ್ರಾನ್ಸಿನ ಡಾಗೆರ್‌ನಿಂದ ಶುರು ಮಾಡಿದ್ದೀರಿ. ಅವನಿಗೂ ಮೊದಲೇ ಕ್ಯಾಮೆರಾದಲ್ಲಿ ಚಿತ್ರ ಹಿಡಿದ ನಿಸೆಫೋರ್ ನಿಯೆಪ್ಸ್‌ನ ಹೆಸರೇ ಇಲ್ಲವಲ್ಲ, ಬೇಸರವಾಯಿತು. ಇಬ್ಬರೂ 1829ರಲ್ಲಿ ಪಾಲುದಾರರಾಗಿದ್ದರು. 1833ರಲ್ಲಿ ನಿಯೆಪ್ಸ್ ತೀರಿಕೊಂಡ. ಹೆಸರು ಡಾಗೆರ್‌ಗೆ ಬಂತು.

ಫ್ರಾನ್ಸಿನ ಸೇಂಟ್-ಲೂ-ದ-ವಾರೆನ್ ಹಳ್ಳಿಯಲ್ಲಿ ನಿಯೆಪ್ಸ್‌ನ ಮನೆ ಈಗ ಮ್ಯೂಸಿಯಂ. ನಾನು ಹೋಗಿದ್ದೇನೆ. ಮಹಡಿಯ ಆ ಕೋಣೆಯಲ್ಲಿ ನಿಂತಾಗ ಮಾತೇ ಹೊರಡಲಿಲ್ಲ. 1826-27ರ ಸುಮಾರಿಗೆ ಅಲ್ಲಿಂದಲೇ ಆತ ಕಿಟಕಿಯಾಚೆಯ ನೋಟವನ್ನು ತವರದ ಮಿಶ್ರಲೋಹದ ತಗಡಿನ ಮೇಲೆ ಹಿಡಿದದ್ದು. ಕ್ಯಾಮೆರಾದಿಂದ ತೆಗೆದು ಇಂದಿಗೂ ಉಳಿದಿರುವ ಚಿತ್ರಗಳಲ್ಲಿ ಅದೇ ಹಳೆಯದು. ತಗಡಿಗೆ ಬಳಿದದ್ದು ಬಿಟುಮೆನ್, ಅಂದರೆ ನಮ್ಮ ರಸ್ತೆಯ ಡಾಂಬರಿನ ಜಾತಿಯದೇ. ಬೆಳಕು ಬಿದ್ದಲ್ಲಿ ಅದು ಗಟ್ಟಿಯಾಗುತ್ತದೆ. ಉಳಿದದ್ದನ್ನು ಲ್ಯಾವೆಂಡರ್ ಎಣ್ಣೆ ಬೆರೆಸಿದ ದ್ರವದಲ್ಲಿ ತೊಳೆದರಾಯಿತು, ಚಿತ್ರ ಸಿದ್ಧ. ಗಂಟೆಗಟ್ಟಲೆ ಬೆಳಕು ಬಿಟ್ಟಿದ್ದರಿಂದ ಎದುರುಬದುರು ಗೋಡೆಗಳೆರಡರ ಮೇಲೂ ಬಿಸಿಲು ಕಾಣುತ್ತದೆ. ಎಂಥ ತಾಳ್ಮೆ ಅಲ್ವಾ!

ಮೂಲ ತಗಡು ಅಲ್ಲಿಲ್ಲ, ಅಮೆರಿಕದ ಆಸ್ಟಿನ್‌ನಲ್ಲಿದೆ. ಆದರೂ ಹೋಗಿ. ಮನೆ ವರ್ಷವಿಡೀ ತೆರೆದಿರುವುದಿಲ್ಲ, ಮೊದಲೇ ವಿಚಾರಿಸಿಕೊಳ್ಳಿ. ಹತ್ತಿರದ ಶಾಲೋನ್ ಊರಿನಲ್ಲಿ ಆತನ ಹೆಸರಿನದೇ ದೊಡ್ಡ ಮ್ಯೂಸಿಯಂ ಇದೆ, ಅದಕ್ಕೂ ಅರ್ಧ ದಿನ ಇಟ್ಟುಕೊಳ್ಳಿ.