ಏಡಿ ಬಿಲಕ್ಕೆ ಪಾರ್ ಎಷ್ಟು?

ನೆರೂಳಿನ ನಮ್ಮ ಶೆಟ್ಟರ ಹೋಟೆಲಿಗೆ ಪೇಪರು ಬರುವುದು ಒಂದೇ ಪ್ರತಿ. ಕ್ರಿಕೆಟ್ ಪುಟ ಗಲ್ಲಾದಲ್ಲಿ, ರಾಜಕೀಯ ಪಾರ್ಸೆಲ್ ಕೌಂಟರಿನಲ್ಲಿ, ನನ್ನ ಪಾಲಿಗೆ ಯಾವಾಗಲೂ ಚಟ್ನಿ ತಾಗಿದ ನವಿ ಮುಂಬಯಿ ಪುಟ. ಅದರಲ್ಲಿ ಮತ್ತೆ ಅದೇ ಹಾಡು: ನಮ್ಮ ಖಾಡಿ (ಊರೊಳಗೆ ಚಾಚಿದ ಕಡಲ ನೀರು) ದಂಡೆಯ ಜೌಗು, ಜೌಗೇ ಅಲ್ಲ.

"ನೀರೇ ಇಲ್ಲವಂತೆ ಶೆಟ್ರೇ, ಹಾಗಾಗಿ ಜೌಗಲ್ಲವಂತೆ," ಅಂದೆ.

ಶೆಟ್ಟರು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಲಿಲ್ಲ. "ನಲ್ಲಿ ಬಂದ್ ಮಾಡಿ, ಬಾಲ್ದಿ ಖಾಲಿ ಉಂಟು ಅಂತ ಬಾಲ್ದಿಗೆ ಬೈದ ಹಾಗಾಯ್ತು ಮಾರಾಯ್ರೇ."

ಕತೆ ನಿಮಗೂ ಗೊತ್ತಿದೆ. ಸೀವುಡ್ಸಿನ ಎನ್‌ಆರ್‌ಐ ಕಾಂಪ್ಲೆಕ್ಸ್ ಹಿಂದಿನ ಇದೇ ಜೌಗಿನಲ್ಲಿ ಗಾಲ್ಫ್ ಕೋರ್ಸು, ಜೊತೆಗೆ ಮನೆಗಳು ಎಂದು ನವಿ ಮುಂಬಯಿ ಕಟ್ಟಿದ ಸರಕಾರಿ ಸಂಸ್ಥೆ ಸಿಡ್ಕೊ ಹೊರಟಿತ್ತು. 2018ರಲ್ಲಿ ಬಾಂಬೆ ಹೈಕೋರ್ಟು ಅದನ್ನು ರದ್ದು ಮಾಡಿತು, ವ್ಯಾಜ್ಯ ದೆಹಲಿಯ ಮೆಟ್ಟಿಲು ಹತ್ತಿತು. ಕೋರ್ಟಿನದ್ದು ಕೋರ್ಟಿಗೆ ಬಿಡೋಣ. ನನಗೆ ತಲೆ ತಿನ್ನುತ್ತಿದ್ದ ಪ್ರಶ್ನೆ ಬೇರೆ: ಇಷ್ಟು ವರ್ಷ ಇಷ್ಟು ಜನ ಇದಕ್ಕಾಗಿ ಹೊಡೆದಾಡಿದ್ದಾರಲ್ಲ, ಒಬ್ಬರಾದರೂ ಅಲ್ಲಿ ಆಡಿ ನೋಡಿದ್ದಾರೆಯೇ? ಕೋರ್ಸು ಹೇಗಿದೆ ಎಂದು ಯಾರಾದರೂ ಬರೆದಿದ್ದಾರೆಯೇ? ಸರಿ, ನಾನೇ ಹೊರಟೆ. ಮಳೆಗಾಲದ ಉದ್ದ ಕೊಡೆ ಒಂದು, ಮೊಮ್ಮಗನ ರಬ್ಬರ್ ಚೆಂಡು ಒಂದು. ತಿಂಡಿ ರಶ್ ಮುಗಿಸಿ ಶೆಟ್ಟರೂ ಬಂದರು, ಸಾಕ್ಷಿಗೆ.

ಮೊದಲ ಮೆಚ್ಚುಗೆ: ಈ ಕೋರ್ಸಿಗೆ ಕುಳಿ ತೋಡುವ ಖರ್ಚೇ ಇಲ್ಲ. ಗಾಲ್ಫಿನಲ್ಲಿ 4.25 ಇಂಚು ಅಗಲದ 18 ಕುಳಿ ಇದ್ದರೆ ಮುಗಿಯಿತು, ಅಷ್ಟಕ್ಕೇ ಎಕರೆಗಟ್ಟಲೆ ಜಾಗ ಬೇಕು. ಇಲ್ಲಿ ಚಾಪೆ ಹಾಸುವಷ್ಟು ಕೆಸರಿನಲ್ಲಿ ನಾನು 40ರವರೆಗೆ ಎಣಿಸಿ ಬಿಟ್ಟೆ. ಒಂದೊಂದರ ಬಾಯಲ್ಲೂ ಒಂದೊಂದು ಏಡಿ, ಒಂದು ಕೊಂಬು ದೊಡ್ಡದು, ಒಂದು ಸಣ್ಣದು. ದೊಡ್ಡದನ್ನು ಎತ್ತಿ ಬೀಸುತ್ತ ನಿಂತ ಭಂಗಿ ನೋಡಿದರೆ ಹತ್ತು ವರ್ಷದ ಅಭ್ಯಾಸ ಇದ್ದವರ ಹಾಗೆ. ಯಾವ ಬಿಲಕ್ಕೆ ಪಾರ್ ಎಷ್ಟು, ಅಂದರೆ ಚೆಂಡು ಎಷ್ಟು ಹೊಡೆತದಲ್ಲಿ ಒಳಗೆ ಹೋಗಬೇಕು ಎಂದು ಮಾತ್ರ ಬೋರ್ಡು ಹಾಕಿರಲಿಲ್ಲ.

ಕೊಡೆ ಬೀಸಿದೆ. ಚೆಂಡು ಪುಳಕ್ ಎಂದಿತು, ಮಾಯ. ಗಾಲ್ಫಿನ ಹೊಸ ನಿಯಮದಲ್ಲಿ ಕಳೆದ ಚೆಂಡು ಹುಡುಕಲು 3 ನಿಮಿಷ ಮಾತ್ರ. 2019ಕ್ಕೆ ಮೊದಲು 5 ಇತ್ತು. ಶೆಟ್ಟರು ಗಡಿಯಾರ ಹಿಡಿದರು. ನಾನು ಮೂರು ನಿಮಿಷವೂ ನನ್ನ ಎಡಗಾಲಿನ ಚಪ್ಪಲಿ ಹುಡುಕಿದೆ.

ನಿಜವಾದ ಗಾಲ್ಫ್ ಮೈದಾನಕ್ಕೆ ನಾನು ಕಾಲಿಟ್ಟದ್ದು ಆಯುಷ್ಯದಲ್ಲಿ ಒಂದೇ ಸಲ. ಬ್ಯಾಂಕಿನಲ್ಲಿದ್ದಾಗ ದೊಡ್ಡ ಸಾಲದ ಗಿರಾಕಿಯೊಬ್ಬರು ಕರೆದಿದ್ದರು (ಸಾಲ ತೀರಿತೇ ಎಂದು ಕೇಳಬೇಡಿ). ಕಾಲರಿಲ್ಲದ ಅಂಗಿಗೆ ಪ್ರವೇಶವಿಲ್ಲವೆಂದು ಗೇಟಿನಲ್ಲೇ ತಡೆದರು. ಗಿರಾಕಿಗಳ ಡ್ರೈವರ್ ತನ್ನ ಕಾರಿನಲ್ಲಿದ್ದ ಇನ್ನೊಂದು ಅಂಗಿ ಕೊಟ್ಟ. ಹಾಗೆ ಡ್ರೈವರನ ಅಂಗಿಯಲ್ಲಿ ನಾನು ಗಣ್ಯನಾಗಿ ಒಳಗೆ, ಡ್ರೈವರ್ ಹೊರಗೆ. ಚೀಲ ಹೊರುವ ಹುಡುಗ ವಿಜಯಪುರದ ಕಡೆಯವನು. ನಾನು ಕನ್ನಡದಲ್ಲಿ ಗೊಣಗಿದ್ದು ಕೇಳಿ ಅವನ ಮುಖ ಅರಳಿತು. ಜೋರಾಗಿ ಬೀಸಿದೆ. ಚೆಂಡು ಇದ್ದಲ್ಲೇ ಇತ್ತು, ಅಂಗೈಯಗಲದ ಹುಲ್ಲಿನ ಹೆಂಟೆ ಹತ್ತು ಮಾರು ಹಾರಿ ಬಿತ್ತು. ಹುಡುಗ ಓಡಿ ಹೋಗಿ ಆ ಹೆಂಟೆ ಎತ್ತಿ ತಂದ, ಮೊದಲಿದ್ದ ಜಾಗದಲ್ಲೇ ಕೂಡಿಸಿದ, ಅಂಚು ಸರಿ ಮಾಡಿ ಪಾದದಿಂದ ಮೆತ್ತಗೆ ಒತ್ತಿದ.

"ಇದೇನ್ ಕಬ್ಬಿನ ಹೊಲಾ ಅಲ್ರೀ ಸಾಹೇಬ್ರ, ಅಗೀಬ್ಯಾಡ್ರಿ. ಕಿತ್ತಿದ್ ಹುಲ್ಲು ಅಲ್ಲೇ ಹಚ್ಚಬೇಕ್ರಿ. ಹಂಗ ಪದ್ಧತಿ ಐತಿ."

ಎಂಥ ಸುಸಂಸ್ಕೃತ ಆಟ ನೋಡಿ! ಒಂದು ಹಿಡಿ ಹುಲ್ಲು ಕಿತ್ತರೆ ವಾಪಸು ನೆಡಬೇಕು. ಖಾಡಿಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡಿಗೆ ಈ ಪದ್ಧತಿ ಅನ್ವಯಿಸುವುದಿಲ್ಲ ಅಷ್ಟೇ. ಅಲ್ಲಿ ರಾತ್ರಿ ಹತ್ತರ ಮೇಲೆ ಡಂಪರು ಬಂದು ಡೆಬ್ರಿಸ್ ಸುರಿದು ಹೋಗುತ್ತದೆ, ಬೆಳಿಗ್ಗೆ ಯಾರಿಗೂ ಗೊತ್ತಿರುವುದಿಲ್ಲ.

ಸ್ಕಾಟ್ಲೆಂಡಿನವರನ್ನು ದೂರಿ ಪ್ರಯೋಜನವಿಲ್ಲ. ಅಲ್ಲಿ ಕಡಲಿಗೂ ಹೊಲಕ್ಕೂ ನಡುವೆ ಮರಳಿನ ದಿಬ್ಬ. ಉಳುವುದಕ್ಕೆ ಬಾರದು, ಕುರಿ ಮೇಯುವುದಕ್ಕೆ ಸಾಕು. ಅದಕ್ಕೆ ಲಿಂಕ್ಸ್ ಎಂದು ಹೆಸರಿಟ್ಟು ಇದ್ದ ಜಾಗದಲ್ಲಿ ಇದ್ದ ಹಾಗೇ ಆಡಿದರು. ನಮ್ಮೂರಲ್ಲಿ ನಾವು ಹಿಮ್ಮಡಿ ತಿರುಗಿಸಿ ಕುಳಿ ಮಾಡಿ ಗೋಲಿ ಆಡಿದ್ದೂ ಹಾಗೆಯೇ ಅಲ್ಲವೇ, ಯಾರು ಗುತ್ತಿಗೆ ಕೊಟ್ಟಿದ್ದರು? ಅವರ ಮರಳಾಟವನ್ನು ತಂದು ಕೆಸರಿನಲ್ಲಿ ಕೂರಿಸಬೇಕೆಂದು ಹೊಳೆದದ್ದು ಮಾತ್ರ ಸ್ವದೇಶಿ ಪ್ರತಿಭೆ. ಅದೂ ಖಾರ್ಘರಿನ ಕಣಿವೆಯಲ್ಲಿ ಒಂದು ಕೋರ್ಸು ಹಚ್ಚಗೆ ಹರಡಿಕೊಂಡಿರುವಾಗ. ಒಂದು ಬೆಟ್ಟಕ್ಕೆ, ಒಂದು ಖಾಡಿಗೆ. ವಧೂವರರ ಎರಡೂ ಕಡೆಯವರಿಗೆ ಬೇರೆ ಬೇರೆ ಪಂಕ್ತಿ ಹಾಕಿದಂತೆ.

ಇನ್ನು ಕಾನೂನಿನ ಸೊಗಸು. 2017ರ ಜೌಗು ನಿಯಮಗಳನ್ನು ಓದಿದ್ದೀರಾ? ಅದರ ಪ್ರಕಾರ ಭತ್ತದ ಗದ್ದೆ ಜೌಗಲ್ಲ. ಉಪ್ಪು ತೆಗೆಯಲು ಕಟ್ಟಿದ ಆಗರ ಜೌಗಲ್ಲ. ಮನರಂಜನೆಗೆಂದು ಕಟ್ಟಿಸಿದ ನೀರೂ ಜೌಗಲ್ಲ. ಅಂದರೆ ಗಾಲ್ಫ್ ಕೋರ್ಸಿನ ನಡುವೆ ಅಂದಕ್ಕೆಂದು ಒಂದು ಕೊಳ ತೋಡಿಸಿದರೆ ಅದು ನೀರಿದ್ದೂ ಜೌಗಲ್ಲ. ಅದಕ್ಕಾಗಿ ಮುಚ್ಚಿದ ಜಾಗ ಮೊದಲೇ ಜೌಗಲ್ಲ. ಕುಮಟಾದಲ್ಲಿ ನಮ್ಮಜ್ಜಿ ಇದನ್ನು ಕೇಳಿದ್ದರೆ ವೀಳ್ಯ ಉಗಿಯುವುದನ್ನೂ ಮರೆಯುತ್ತಿದ್ದಳು. ಅವಳ ಗಜನಿ ಭೂಮಿಯಲ್ಲಿ (ಹಿನ್ನೀರ ದಂಡೆಯ ಉಪ್ಪುನೀರಿನ ಗದ್ದೆ) ಮಳೆಗಾಲಕ್ಕೆ ಕಗ್ಗ ಭತ್ತ, ಸೊಂಟದ ಮಟ್ಟ ಉಪ್ಪುನೀರು ನಿಂತರೂ ಜಗ್ಗದ ಪೈರು. ಕೊಯ್ಲಾದ ಮೇಲೆ ನೀರು ತಡೆಯುವ ಜಂತ್ರಡಿ ಬಾಗಿಲು ತೆಗೆದರೆ ಅದೇ ಗದ್ದೆಯಲ್ಲಿ ಸಿಗಡಿ, ಏಡಿ. ಗೋವಾದವರು ಇಂಥದ್ದಕ್ಕೇ ಖಜಾನ್ ಅನ್ನುತ್ತಾರೆ. ಅದನ್ನು ಯಾರಾದರೂ "ಖಾಲಿ ಜಾಗ" ಅಂದಿದ್ದರೆ ಅಜ್ಜಿ ಏಡಿ ಹಿಡಿಯುವ ಕೈಯಲ್ಲೇ ಕಿವಿ ಹಿಂಡುತ್ತಿದ್ದಳು.

ಪ್ರೇಕ್ಷಕರ ಬಗ್ಗೆಯೂ ಹೇಳಬೇಕು. ಇಲ್ಲಿ ಫ್ಲೆಮಿಂಗೊಗಳು ಟಿಕೆಟ್ಟಿಲ್ಲದೆ ಬರುತ್ತವೆ. ತಲೆ ಕೆಳಗೆ ಮಾಡಿ ಕೆಸರುನೀರು ಸೋಸಿ ಪಾಚಿ ತಿಂದು ಗುಲಾಬಿಯಾಗುತ್ತವೆ. ಅದೇ ಬಣ್ಣ ಕಂಡು ನಮ್ಮ ಪಾಲಿಕೆ ಊರಿಗೆ ಫ್ಲೆಮಿಂಗೊ ಸಿಟಿ ಎಂದು ಹೆಸರಿಟ್ಟು ಚೌಕಗಳಲ್ಲಿ ಅವುಗಳ ಪ್ರತಿಮೆ ನಿಲ್ಲಿಸಿದೆ. ಪ್ರತಿಮೆ ಒಳ್ಳೆಯದು. ಪಾಚಿ ಕೇಳುವುದಿಲ್ಲ, ಭರತದ ನೀರು ಕೇಳುವುದಿಲ್ಲ, ಎರಡು ವರ್ಷಕ್ಕೊಮ್ಮೆ ಬಣ್ಣ ಹೊಡೆದರೆ ಸಾಕು. ಜೀವವಿರುವವುಗಳದ್ದೇ ತಾಪತ್ರಯ. 2024ರಲ್ಲಿ ನೆರೂಳ್ ಜೆಟ್ಟಿಗೆ ದಾರಿ ತೋರಿಸಲು ಹಾಕಿದ ಎತ್ತರದ ಬೋರ್ಡಿಗೆ ಬಡಿದು ಕೆಲವು ಸತ್ತವು. ಅನಕ್ಷರಸ್ಥ ಹಕ್ಕಿಗಳು, ಬೋರ್ಡು ಓದಲು ಬರಲಿಲ್ಲ. ಅದೇ ವರ್ಷ ಡಿಪಿಎಸ್ ಶಾಲೆ ಬಳಿಯ ಕೆರೆಗೆ ಖಾಡಿಯ ನೀರು ಬರುವ ದಾರಿ ಕಟ್ಟಿಕೊಂಡು ಕೆರೆ ಒಣಗಿತು, ಅಲ್ಲೂ ಸತ್ತವು. ಮೇ ತಿಂಗಳಲ್ಲಿ ಘಾಟ್ಕೋಪರಿನ ಮೇಲೆ ಇಳಿಯುತ್ತಿದ್ದ ವಿಮಾನಕ್ಕೆ ಸಿಕ್ಕಿ ಮೂವತ್ತಕ್ಕೂ ಹೆಚ್ಚು ಬಿದ್ದವು. ಠಾಣೆ ಖಾಡಿಗೆ 2022ರಲ್ಲಿ ಜಗತ್ತಿನ ಮುಖ್ಯ ಜೌಗುಗಳಲ್ಲೊಂದು ಎಂಬ ರಾಮ್ಸರ್ ಪಟ್ಟ ಸಿಕ್ಕಿತ್ತಲ್ಲ, ಆಗ ಹಂಚಿದ ಪೇಢೆಯ ಡಬ್ಬ ಇನ್ನೂ ಯಾವುದೋ ಕಚೇರಿಯ ಕಪಾಟಿನಲ್ಲಿ ಇರಬೇಕು.

ತಮಾಷೆ ಮಾಡಲು ಹೊರಟವನಿಗೆ ಇಲ್ಲಿ ಯಾಕೋ ಬಾಯಿ ಕಹಿಯಾಗುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ನಾನು ಕುರ್ಲಾದಿಂದ ನಡೆದು ಬಂದವನು. ಎದೆಮಟ್ಟದ ನೀರಿನಲ್ಲಿ ನನ್ನ ಮುಂದೆ ಹೋಗುತ್ತಿದ್ದ ಹೆಂಗಸು ಸ್ಕೂಲ್ ಬ್ಯಾಗನ್ನು ತಲೆಯ ಮೇಲೆ ಹೊತ್ತಿದ್ದಳು. ಮಗು ಎಲ್ಲಿ ಎಂದು ಕೇಳುವ ಧೈರ್ಯ ನನಗೆ ಆಗಲಿಲ್ಲ, ಈಗಲೂ ಅದು ಕಾಡುತ್ತದೆ. ನೀರು ಹೋಗಲು ಜಾಗ ಹುಡುಕುತ್ತಿತ್ತು. ಆ ಜಾಗಗಳ ಮೇಲೆ ನಾವು ಬಿಲ್ಡಿಂಗ್ ಕಟ್ಟಿದ್ದೆವು. ಅದನ್ನೆಲ್ಲ ಕಂಡ ಊರು, ಇಪ್ಪತ್ತು ವರ್ಷವಾದರೂ, ಇದು ಒದ್ದೆಯೋ ಒಣವೋ ಎಂದು ಕಾಗದದ ಮೇಲೆ ಜಗಳ ಆಡುತ್ತಿದೆ. ನನಗೆ ಸಾಕಾಗಿದೆ. ನೀವು ಗಾಲ್ಫಾದರೂ ಆಡಿ, ಗೋಲಿಯಾದರೂ ಆಡಿ, ಅದನ್ನು ಜೌಗು ಎಂದು ಒಪ್ಪಿಕೊಳ್ಳಿ ಮೊದಲು.

ಇರಲಿ, ವರದಿ ಮುಗಿಸಬೇಕು. ಕೋರ್ಸಿಗೆ ರೇಟಿಂಗ್ ಕೊಡುವುದೇ ಕಷ್ಟವಾಯಿತು. ಇಳಿತದಲ್ಲಿ ಒಂದು ಲೆಕ್ಕ. ಆರು ಗಂಟೆ ಬಿಟ್ಟು ಭರತ ಏರಿದರೆ ಅದೇ ಮೈದಾನಕ್ಕೆ ಚೀಲದ ಹುಡುಗ ಸಾಲದು, ದೋಣಿ ನಡೆಸುವ ಕೋಲಿ ಮೀನುಗಾರ ಬೇಕು. ಶೆಟ್ಟರು ಬೀಡಿ ಹಚ್ಚಿ ಬಂಡಿನ ಮೇಲೆ ಕೂತಿದ್ದರು, ನಾನು ಕೊಡೆಯ ತುದಿಯಿಂದ ಕಾಲಬೆರಳ ಸಂದಿಯ ಕೆಸರು ಕೆರೆಯುತ್ತಿದ್ದೆ. ಕಾಂಡ್ಲಾದ ಬೇರುಗಳ ನಡುವೆ ಸದ್ದಿಲ್ಲದೆ ನೀರು ಬರತೊಡಗಿತು. ಮೊದಲು ಬೆರಳಗಲ, ಆಮೇಲೆ ಅಂಗೈ. ಏಡಿಗಳು ಒಂದೊಂದಾಗಿ ಬಿಲ ಸೇರಿದವು. ಹತ್ತು ನಿಮಿಷ ಕಳೆಯುವುದರೊಳಗೆ ನನ್ನ ಎಡಗಾಲಿನ ಚಪ್ಪಲಿ ತೇಲುತ್ತ ಬಂತು. ಅದರ ಹಿಂದೆ, ಗಂಭೀರವಾಗಿ, ಮೊಮ್ಮಗನ ಚೆಂಡು. ಬಂಡಿನ ಬುಡದ ಒಡಕು ಮಡಕೆಯೊಂದರ ಬಾಯಿಗೆ ತಾಗಿ, ಒಮ್ಮೆ ಸುತ್ತು ಹೊಡೆದು ಒಳಗೆ ಹೋಯಿತು.

ಶೆಟ್ಟರು ಬೀಡಿ ಬಾಯಿಂದ ತೆಗೆದರು. "ಇದು ಎಷ್ಟು ಹೊಡೆತ ಅಂತ ಬರ್ಕೊಳ್ಳೋದು ಮಾರಾಯ್ರೇ? ನಿಮ್ಮದು ಒಂದೇ ಉಂಟಲ್ಲ."