ಜೊಲ್ಲು ಸುರಿಸುವ ಮಗುವಿಗೆಲ್ಲ ಆಟಿಸಂ ಇರುವುದಿಲ್ಲ, ಆದರೆ ಆಟಿಸಂ ಇರುವ ಮಗುವಿನ ಜೊಲ್ಲನ್ನು ಸುಮ್ನೆ ಬಿಡಬೇಡಿ

ನನ್ನ ಮಗನಿಗೆ ಆಟಿಸಂ (ಬೇರೆಯವರೊಡನೆ ಬೆರೆಯುವ, ಮಾತಾಡುವ ರೀತಿ ಬೇರೆಯಾಗಿ ಬೆಳೆಯುವ ಸ್ಥಿತಿ) ಇದೆ ಅಂತ ಗೊತ್ತಿರುವವರು ಇನ್‌ಬಾಕ್ಸ್‌ನಲ್ಲಿ ಕೇಳುತ್ತಿರುತ್ತಾರೆ, "ಅಕ್ಕಾ, ನಮ್ಮ ಪಾಪು ತುಂಬಾ ಜೊಲ್ಲು ಸುರಿಸತ್ತೆ, ಆಟಿಸಂ ಇರಬಹುದಾ?" ಅಂತ. ಎಲ್ಲರಿಗೂ ಸೇರಿಸಿ ಇಲ್ಲೇ ಹೇಳುತ್ತೇನೆ. ಬರೀ ಜೊಲ್ಲು ನೋಡಿ ಯಾವ ಡಾಕ್ಟರೂ ಆಟಿಸಂ ಅನ್ನುವುದಿಲ್ಲ. ಹೆಸರು ಕರೆದರೆ ತಿರುಗುತ್ತಾ, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾ, ನಿಮ್ಮ ಮುಖ ನೋಡಿ ನಗುತ್ತಾ, ಕಾರಿನ ಚಕ್ರ ಒಂದನ್ನೇ ತಿರುಗಿಸುತ್ತಾ ಕೂರುತ್ತಾ, ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾ, ಇಂಥದ್ದನ್ನೆಲ್ಲ ಒಟ್ಟಿಗೆ ನೋಡುತ್ತಾರೆ. ಒಂದೂವರೆ ಎರಡು ವರ್ಷದವರೆಗೆ ಜೊಲ್ಲು ಮಾಮೂಲು, ಹಲ್ಲು ಬರುವಾಗ ಇನ್ನೂ ಜಾಸ್ತಿ. 4 ವರ್ಷ ದಾಟಿದ ಮೇಲೂ ಎಚ್ಚರ ಇರುವಾಗಲೇ ಅಂಗಿ ಒದ್ದೆಯಾಗುವಷ್ಟು ಸುರಿದರೆ ತೋರಿಸಬೇಕು. ಬಸುರಿನಲ್ಲಿ ತಾಯಿಯ ಬಯಕೆ ತೀರಿಸದಿದ್ದರೆ ಮಗು ಜೊಲ್ಲು ಸುರಿಸುತ್ತದೆ ಅನ್ನುವ ಮಾತಿದೆಯಲ್ಲ, ಅದನ್ನು ದಯವಿಟ್ಟು ಯಾವ ತಾಯಿಯ ಮುಂದೆಯೂ ಆಡಬೇಡಿ.

ನನಗೆ ಸಂಕಟ ಆಗುವುದು ಇದರ ಇನ್ನೊಂದು ಕಡೆಗೆ. ಆಟಿಸಂ ಅಂತ ಒಮ್ಮೆ ಫೈಲಿನಲ್ಲಿ ಬರೆದುಬಿಟ್ಟರೆ ಆಮೇಲೆ ಮಗುವಿಗೆ ಏನಾದರೂ ಅದಕ್ಕೆ ಆಟಿಸಂ ಕಾರಣ ಆಗಿಬಿಡುತ್ತದೆ. ನನ್ನ ಮಗ ಐದು ವರ್ಷ ದಾಟಿದರೂ ಜೊಲ್ಲು ಸುರಿಸುತ್ತಿದ್ದ. ಕಾಲರ್ ಒದ್ದೆ, ಗಲ್ಲದ ಕೆಳಗೆ ಕೆಂಪಗೆ ಸಿಪ್ಪೆ ಎದ್ದ ಚರ್ಮ, ಟವೆಲ್ ತಾಗಿಸಿದರೆ ಉರಿ ಅಂತ ಕಿರುಚುತ್ತಿದ್ದ. ತೋರಿಸಲು ಹೋದ ಕಡೆ ಒಬ್ಬ ಡಾಕ್ಟರು ಅವನ ಬಾಯಿ ಕೂಡ ನೋಡದೆ "ಆಟಿಸಂ ಅಲ್ವಾಮ್ಮಾ, ಇದ್ದದ್ದೇ" ಅಂದರು. ಆಮೇಲೆ ಕಿವಿ ಮೂಗು ಗಂಟಲಿನ ಡಾಕ್ಟರೊಬ್ಬರು ಮೊದಲು ಕೇಳಿದ್ದೇ "ರಾತ್ರಿ ಗೊರಕೆ ಹೊಡೀತಾನಾ?" ಅಂತ. ಹೊಡೆಯುತ್ತಿದ್ದ, ಬಾಯಿ ತೆರೆದುಕೊಂಡೇ ಮಲಗುತ್ತಿದ್ದ. ಮೂಗಿನ ಹಿಂದೆ ಇರುವ ಅಡೆನಾಯ್ಡ್ ಅನ್ನುವ ಮೆತ್ತನೆ ಮಾಂಸದ ಭಾಗ ದಪ್ಪಗಾಗಿ ಉಸಿರಿನ ದಾರಿ ಕಟ್ಟಿತ್ತು. ಉಸಿರಾಡಲು ಬಾಯಿ ತೆರೆದೇ ಇಡಬೇಕಾದ ಮಗು ತುಟಿ ಮುಚ್ಚಿ ಹೇಗೆ ನುಂಗೀತು ಹೇಳಿ! ಅದಕ್ಕೆ ಚಿಕಿತ್ಸೆ ಆದ ಮೇಲೆ ಜೊಲ್ಲು ಬಹಳ ಕಡಿಮೆಯಾಯಿತು.

ದೊಡ್ಡವರ ಬಾಯಲ್ಲೂ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಬರುತ್ತದೆ. ಗೊತ್ತೇ ಆಗದಂತೆ ನುಂಗುತ್ತಿರುತ್ತೇವೆ, ಅಷ್ಟೇ. ಮಕ್ಕಳಲ್ಲಿ ಬಹಳ ಸಲ ತೊಂದರೆ ಇರುವುದು ನುಂಗುವುದರಲ್ಲಿ. ಆಟಿಸಂ ಇರುವ ಕೆಲವು ಮಕ್ಕಳಿಗೆ ಬಾಯಿಯ ಸ್ನಾಯುಗಳಲ್ಲಿ ಬಿಗಿ ಕಡಿಮೆ, ಕೆಲವರಿಗೆ ಗಲ್ಲ ಒದ್ದೆಯಾಗಿದ್ದೇ ತಿಳಿಯುವುದಿಲ್ಲ, ಕೆಲವರ ಬಾಯಲ್ಲಿ ಯಾವಾಗಲೂ ಏನಾದರೊಂದು ಇರಬೇಕು. ಹುಳುಕು ಹಲ್ಲು, ಅಲರ್ಜಿ ನೆಗಡಿಯೂ ಕಾರಣ ಆಗಬಹುದು. ವಿಪರೀತ ಸಿಟ್ಟಿಗೆ ಕೊಡುವ ರಿಸ್ಪೆರಿಡೋನ್, ಫಿಟ್ಸ್‌ಗೆ ಕೊಡುವ ಕ್ಲೋನಾಜೆಪಾಮ್ ಕೂಡ ಜೊಲ್ಲು ಜಾಸ್ತಿ ಮಾಡಬಹುದು. ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಅದು ಅಪಾಯ. ಬರೆದುಕೊಟ್ಟ ಡಾಕ್ಟರಿಗೇ ಹೇಳಿ.

ಸ್ಪೀಚ್ ಥೆರಪಿಸ್ಟ್ ಹತ್ತಿರ ಮಾಡಿಸುವ ಕೆಲಸ ನಿಧಾನದ್ದು. ತುಟಿ ಮುಚ್ಚುವುದು, ಸ್ಟ್ರಾದಲ್ಲಿ ಕುಡಿಯುವುದು, "ನುಂಗು" ಅಂದಾಗ ನುಂಗುವುದು. ಒರೆಸುವಾಗ ತಿಕ್ಕಬೇಡಿ, ಮೆತ್ತನೆ ಬಟ್ಟೆಯಿಂದ ಒತ್ತಿ ತೆಗೆಯಿರಿ. ನೆಂಟರ ಎದುರು "ಥೂ, ಬಾಯಿ ಒರೆಸ್ಕೋ" ಅಂತ ಗದರಬೇಡಿ. ಮಾತು ಆಡದ ಮಗುವಿಗೂ ಅವಮಾನ ಗೊತ್ತಾಗುತ್ತದೆ.

ಒಂದು ಮಾತ್ರ ಕಾಯುವಂಥದ್ದಲ್ಲ. ಇದ್ದಕ್ಕಿದ್ದಂತೆ ಜೊಲ್ಲು ಶುರುವಾಗಿ, ಮಗು ನೀರೂ ನುಂಗದೆ ಇದ್ದರೆ, ಉಸಿರಿಗೆ ಕಷ್ಟಪಟ್ಟರೆ, ಜೋರು ಜ್ವರ ಇದ್ದರೆ ಆ ಕ್ಷಣವೇ ಆಸ್ಪತ್ರೆಗೆ ಓಡಿ. ನಾಣ್ಯವೋ, ಆಟಿಕೆಯ ಬಟನ್ ಬ್ಯಾಟರಿಯೋ ಒಳಗೆ ಸಿಕ್ಕಿಕೊಂಡಿರಬಹುದು. ನಮ್ಮ ಮಕ್ಕಳು ಎಷ್ಟೋ ಜನ ಅದನ್ನು ಬಾಯಿಬಿಟ್ಟು ಹೇಳಲಾರರು. ಅಲ್ಲಿ ಯಾರಾದರೂ "ಆಟಿಸಂ ಅಲ್ವಾ" ಅಂದರೆ ಒಪ್ಪಿಕೊಂಡು ವಾಪಸ್ ಬರಬೇಡಿ, ಎಕ್ಸ್‌ರೇ ಮಾಡಿ ಅಂತ ಕೇಳಿ.

ಉಳಿದವರು ಮಕ್ಕಳ ಡಾಕ್ಟರು, ಕಿವಿ ಮೂಗಿನ ಡಾಕ್ಟರು, ಹಲ್ಲಿನ ಡಾಕ್ಟರು ಮೂವರಿಗೂ ಒಮ್ಮೆ ತೋರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಲು ಆಗುವವರು ಹೋಗಿ. ಹೋಗುವ ಮೊದಲು ಒಂದು ಚೀಟಿಯಲ್ಲಿ ಬರೆದಿಡಿ: ಜೊಲ್ಲು ಯಾವಾಗ ಜಾಸ್ತಿ, ಊಟದಲ್ಲಾ, ಟಿವಿ ಮುಂದಾ, ನೆಗಡಿ ಇದ್ದಾಗಲಾ, ಹೊಸ ಮಾತ್ರೆ ಶುರು ಮಾಡಿದ ಮೇಲಾ. ಗೊರಕೆ ಹೊಡೆಯುವ ಒಂದು ನಿಮಿಷದ ವಿಡಿಯೋ ಮೊಬೈಲ್‌ನಲ್ಲಿ ಇದ್ದರಂತೂ ಇನ್ನೂ ಒಳ್ಳೆಯದು.